ಒಂದೇ ಆಮ್ಲ, ಎರಡು ಕೆಎ: ಸರಾಸರಿ ತೆಗೆದುಬಿಡಬಹುದಾ?

ಮೂರನೇಬೆಂಚು

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ನಾಳಿದ್ದು ರೆಕಾರ್ಡ್ ಕೊಡಬೇಕು, ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ.

ಪ್ರಯೋಗ ಇದು: ಅಸಿಟಿಕ್ ಆಮ್ಲದ ವಿಯೋಜನಾ ಸ್ಥಿರಾಂಕ, ಅಂದರೆ ಕೆಎ (ಆಮ್ಲ ನೀರಿನಲ್ಲಿ ಎಷ್ಟರ ಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಅನ್ನುವ ಅಳತೆ), ಕಂಡುಹಿಡಿಯಬೇಕು. ಬಾಟಲಿಗೆ 0.1 ಎಂ (ಲೀಟರಿಗೆ 0.1 ಮೋಲ್) ಅಂತ ಚೀಟಿ ಅಂಟಿಸಿದ್ದರು. ಅದರಲ್ಲಿ 25 ಮಿಲಿ ಪಿಪೆಟ್ ಮಾಡಿ ಬೀಕರಿಗೆ ಬಿಟ್ಟು, ಮೊದಲು ಬರೀ ಆಮ್ಲದ ಪಿಎಚ್ ನೋಡಿದೆ. ಆಮೇಲೆ ಬ್ಯುರೆಟ್‌ನಿಂದ 0.1 ಎಂ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋದೆ. ಬರೆದುಕೊಂಡಿದ್ದು:

0 ಮಿಲಿ: 2.95
5 ಮಿಲಿ: 4.10
10 ಮಿಲಿ: 4.52
12.5 ಮಿಲಿ: 4.70
15 ಮಿಲಿ: 4.88
20 ಮಿಲಿ: 5.34

24.2 ಮಿಲಿ ಹತ್ತಿರ ಪಿಎಚ್ ಸರ್ರನೆ ಮೇಲೇರಿತು. ಎಂಡ್ ಪಾಯಿಂಟ್, ಅಂದರೆ ಆಮ್ಲ ಪೂರ್ತಿ ತಟಸ್ಥವಾಗುವ ಜಾಗ, ಅದೇ ಅಂದುಕೊಂಡೆ.

ಮೊದಲನೇ ಲೆಕ್ಕ. ಪಿಎಚ್ 2.95 ಅಂದರೆ ಹೈಡ್ರೋಜನ್ ಅಯಾನಿನ ಸಾರತೆ 1.12 × 10⁻³. ಅದನ್ನು ಎಕ್ಸ್ ಅಂತ ಇಟ್ಟುಕೊಂಡು, ಕೆಎ = ಎಕ್ಸ್² ÷ (0.1 − ಎಕ್ಸ್). ಬಂದಿದ್ದು 1.27 × 10⁻⁵.

ಎರಡನೇ ಲೆಕ್ಕ. ಆಮ್ಲ ಅರ್ಧ ತಟಸ್ಥವಾದಾಗ ಪಿಎಚ್ = ಪಿಕೆಎ (ಅಂದರೆ ಕೆಎಯ ಲಾಗ್, ಚಿಹ್ನೆ ಬದಲಿಸಿ). 25ರ ಅರ್ಧ 12.5, ಅಲ್ಲಿ 4.70 ಇದೆ. ಹಾಗಾದರೆ ಕೆಎ 2.0 × 10⁻⁵.

ಪುಸ್ತಕದಲ್ಲಿ 1.75 × 10⁻⁵ ಇದೆ, ಇನ್ನೊಂದರಲ್ಲಿ 1.8. ನನ್ನ ಒಂದು ಉತ್ತರ ಕೆಳಗೆ, ಇನ್ನೊಂದು ಮೇಲೆ. ಎರಡರ ಸರಾಸರಿ 1.6 ಬರುತ್ತದೆ, ಹೆಚ್ಚುಕಡಿಮೆ ಹತ್ತಿರವೇ. ಅದನ್ನೇ ಬರೆದುಬಿಡಲಾ? ಅವತ್ತು ಲ್ಯಾಬ್ ಉಷ್ಣತೆ 28 ಡಿಗ್ರಿ ಇತ್ತು, ಪುಸ್ತಕದ್ದು 25ರದ್ದು. ಅದರಿಂದ ಹೀಗಾಗಿರಬಹುದಾ?

---

ಲಾಗ್‌ಟೇಬಲ್

ಹತ್ತರ ಘಾತ ಸರಿ ಇದೆಯಲ್ಲ, ಮತ್ತೇನು ಬೇಕು? 1.6 ಬರೆದು, "ಪ್ರಾಯೋಗಿಕ ದೋಷ" ಅಂತ ಒಂದು ಸಾಲು ಸೇರಿಸಿ. ನಾವೂ ಹಾಗೇ ಪಾಸಾದವರು.

---

ಹಳೇಬ್ಯುರೆಟ್

ಬೇಡಮ್ಮಾ, ಸರಾಸರಿ ಬೇಡ. ಒಂದೇ ಅಳತೆಯನ್ನು ಐದು ಸಲ ತೆಗೆದಿದ್ದರೆ ಸರಾಸರಿಗೆ ಅರ್ಥ ಉಂಟು. ಇವೆರಡು ಬೇರೆ ಬೇರೆ ಅಳತೆ, ಒಂದೊಂದರಲ್ಲೂ ಬೇರೆ ಬೇರೆ ತಪ್ಪು ಕೂತಿದೆ. ಎರಡು ತಪ್ಪನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸಿಗುವುದು ಯಾರ ಕೆಎಯೂ ಅಲ್ಲ.

ಉಷ್ಣತೆಯ ಅನುಮಾನ ಮೊದಲು ಮುಗಿಸಿಬಿಡೋಣ. ಅಸಿಟಿಕ್ ಆಮ್ಲ ಈ ವಿಷಯದಲ್ಲಿ ಬಲು ಸಂಭಾವಿತ. ಅದರ ಕೆಎ 25 ಡಿಗ್ರಿ ಆಸುಪಾಸಿನಲ್ಲೇ ತುದಿ ಮುಟ್ಟಿ ಎರಡೂ ಕಡೆಗೆ ನಿಧಾನಕ್ಕೆ ಇಳಿಯುತ್ತದೆ. 0 ಡಿಗ್ರಿಯಲ್ಲಿ ಸುಮಾರು 1.66 × 10⁻⁵, 50 ಡಿಗ್ರಿಯಲ್ಲಿ ಸುಮಾರು 1.63 × 10⁻⁵. ಮೂರು ಡಿಗ್ರಿಗೆ ಏನೂ ಆಗುವುದಿಲ್ಲ. ಮೀಟರಿನ ಉಷ್ಣತೆಯ ಗುಂಡಿಯನ್ನು 28ಕ್ಕೆ ತಿರುಗಿಸಿದ್ದರೆ ಸಾಕು.

ಇನ್ನು ಚೀಟಿಯ ವಿಷಯ. ಬಾಟಲಿಯ ಮೇಲಿನ 0.1 ಅನ್ನುವುದು ಯಾರೋ ಬೆಳಗ್ಗೆ ಅವಸರದಲ್ಲಿ ಮಾಡಿಟ್ಟ ದ್ರಾವಣದ ಆಸೆ, ಅಷ್ಟೆ. ಅಳೆದವರು ನೀವು. ಎಂಡ್ ಪಾಯಿಂಟ್ 24.2 ಬಂದಿದೆ ಅಂದಮೇಲೆ ಆಮ್ಲ 24.2 × 0.1 ÷ 25 = 0.0968 ಎಂ. (ಹೈಡ್ರಾಕ್ಸೈಡಿನ 0.1 ನಿಜವೋ ಅನ್ನುವುದು ಇನ್ನೊಂದು ಪ್ರಶ್ನೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ದಿನೇದಿನೇ ಸೊರಗುತ್ತದೆ. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ತೂಗಿ ಅದನ್ನು ಸ್ಟ್ಯಾಂಡರ್ಡೈಸ್ ಮಾಡಿದ್ದೀರಾ, ಅಂದರೆ ಅದರ ನಿಜವಾದ ಸಾರತೆ ಕಂಡುಕೊಂಡಿದ್ದೀರಾ ನೋಡಿ.) ಮೊದಲನೇ ಲೆಕ್ಕದಲ್ಲಿ 0.0968 ಹಾಕಿದರೆ ಕೆಎ 1.32 × 10⁻⁵ ಆಗುತ್ತದೆ. ಅಂದರೆ ಕಳ್ಳ ಇಲ್ಲಿಲ್ಲ.

ಕಳ್ಳ ಇರುವುದು 2.95ರಲ್ಲಿ. 0.0968 ಎಂ ಅಸಿಟಿಕ್ ಆಮ್ಲದ ಪಿಎಚ್ 2.89 ಇರಬೇಕು. ನಿಮ್ಮದು 0.06 ಜಾಸ್ತಿ. ಮೀಟರಿನ ಪರದೆಯಲ್ಲಿ 0.06 ನೋಡಿದರೆ ಕ್ಷುಲ್ಲಕ ಅನ್ನಿಸುತ್ತದೆ. ಲಾಗ್ ಬಿಚ್ಚಿ ನೋಡಿ: ಎಕ್ಸ್‌ನಲ್ಲಿ ಶೇಕಡಾ 13ರಷ್ಟು ಕಡಿಮೆ. ಸೂತ್ರದಲ್ಲಿ ಎಕ್ಸ್ ವರ್ಗವಾಗಿ ಬರುತ್ತದಲ್ಲ, ಹಾಗಾಗಿ ಕೆಎಯಲ್ಲಿ ಶೇಕಡಾ 25ರಷ್ಟು ಹೋಯಿತು. ಅರ್ಧ ತಟಸ್ಥದ ವಿಧಾನದಲ್ಲಿ ಇದೇ 0.06 ತಪ್ಪು ಒಂದೇ ಸಲ ಹೊಡೆಯುತ್ತದೆ, ಇಲ್ಲಿ ಎರಡು ಸಲ.

ಈಗ ಹೇಳಿ, ಎಲೆಕ್ಟ್ರೋಡ್ ಅವತ್ತು ಎಲ್ಲಿ ಮುಳುಗಿತ್ತು? ಡಿಸ್ಟಿಲ್ಡ್ ವಾಟರ್ ಬೀಕರಿನಲ್ಲಾ? ಮೀಟರನ್ನು ಯಾವ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ) ಹೊಂದಿಸಿದಿರಿ? ಮೊದಲ ರೀಡಿಂಗ್ ತೆಗೆಯಲು ಎಷ್ಟು ಹೊತ್ತು ಕಾದಿರಿ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವಾರ ನನ್ನ ಎಲ್ಲ ಫಲಿತಾಂಶಗಳೂ ಒಂದೇ ಕಡೆಗೆ ವಾಲುತ್ತಿದ್ದವು. ಬ್ಯುರೆಟ್ ಬದಲಾಯಿಸಿದೆ, ಪಿಪೆಟ್ ತೊಳೆದೆ, ಪಕ್ಕದ ಮೇಜಿನವರ ಮೇಲೆ ಸಿಟ್ಟಾದೆ. ಕೊನೆಗೆ ಒಂದು ಸಂಜೆ 4ರ ಬಫರ್ ಬಾಟಲಿಯನ್ನು ಸುಮ್ಮನೆ ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಹತ್ತಿ ಎಳೆಯ ಹಾಗೆ ಬೂಷ್ಟು ತೇಲುತ್ತಿತ್ತು. ಥ್ಯಾಲೇಟ್ ಬಫರಿಗೆ ಬೂಷ್ಟು ಹಿಡಿಯುವುದು ಬಲು ಸಲೀಸು ಅಂತ ಯಾರೂ ನನಗೆ ಹೇಳಿರಲಿಲ್ಲ. ಬಾಟಲಿಯ ಮೇಲೆ ತಾರೀಕು ಬರೆಯದೆ ಇಟ್ಟವಳೂ ನಾನೇ.

ಎರಡನೇ ಲೆಕ್ಕದಲ್ಲಿ ತಪ್ಪು ಇನ್ನೂ ಸರಳ. ಅರ್ಧ ಅಂದರೆ ಪಿಪೆಟ್ಟಿನ ಅರ್ಧ ಅಲ್ಲ, ಎಂಡ್ ಪಾಯಿಂಟಿನ ಅರ್ಧ. ನಿಮಗೆ ಬೇಕಿದ್ದುದು 12.1 ಮಿಲಿಯಲ್ಲಿನ ಪಿಎಚ್. ಮತ್ತೆ ಟೈಟ್ರೇಷನ್ ಮಾಡಬೇಕಿಲ್ಲ. 12.5ರಲ್ಲಿ ಅಸಿಟೇಟ್ ಮತ್ತು ಆಮ್ಲದ ಅನುಪಾತ 12.5 ÷ 11.7, ಅದರ ಲಾಗ್ 0.03. ಅದನ್ನು 4.70ರಿಂದ ಕಳೆಯಿರಿ.

ಈ ವಿಧಾನದ ಸೊಗಸು ಏನು ಗೊತ್ತಾ? ಬ್ಯುರೆಟ್ಟಿನಲ್ಲಿರುವುದು 0.1 ಇರಲಿ, 0.093 ಇರಲಿ, ಇದಕ್ಕೆ ಲೆಕ್ಕವೇ ಇಲ್ಲ. ಪೂರ್ತಿಗೆ ಎಷ್ಟು ಮಿಲಿ, ಅರ್ಧಕ್ಕೆ ಎಷ್ಟು ಮಿಲಿ, ಅಷ್ಟು ಗೊತ್ತಾದರೆ ಸಾಕು.

---

ಮೂರನೇಬೆಂಚು

ಮೇಡಂ, ಎಲೆಕ್ಟ್ರೋಡ್ ಡಿಸ್ಟಿಲ್ಡ್ ವಾಟರಿನಲ್ಲೇ ಇತ್ತು. ಯಾವತ್ತೂ ಅಲ್ಲೇ ಇರುತ್ತದೆ. ಬಫರ್ 4 ಮತ್ತು 7 ಎರಡೂ ಹಾಕಿದ್ದೆ. ಮೊದಲ ರೀಡಿಂಗ್‌ಗೆ ಕಾಯಲಿಲ್ಲ, ಹಿಂದೆ ಇಬ್ಬರು ನಿಂತಿದ್ದರು, ಅಂಕಿ ಇಳಿಯುತ್ತಾ ಇತ್ತು, 2.95 ಬಂದಾಗ ಬರೆದುಕೊಂಡೆ.

ಇವತ್ತು ಮಧ್ಯಾಹ್ನ ಅನುಮತಿ ಕೇಳಿ ಹೋಗಿ ಅದೇ ಬಾಟಲಿಯ ಆಮ್ಲವನ್ನೇ ಮತ್ತೆ ಅಳೆದೆ. ನಾಲ್ಕು ನಿಮಿಷ ಕಾದ ಮೇಲೆ 2.90ಕ್ಕೆ ನಿಂತಿತು. ಕೆಎ 1.66 × 10⁻⁵ ಬಂತು! ಒಂದೇ ಮಧ್ಯಾಹ್ನದಲ್ಲಿ 1.32ರಿಂದ 1.66.

ಆದರೆ ಎರಡನೆಯದು ನೋಡಿ. ನೀವು ಹೇಳಿದ ಹಾಗೆ 0.03 ಕಳೆದೆ, 4.67 ಆಯಿತು. ಕೆಎ 2.14 × 10⁻⁵. ಮೊದಲು ತಪ್ಪಾಗಿ ಮಾಡಿದಾಗ 2.0 ಇತ್ತು, ತಿದ್ದಿದ ಮೇಲೆ ಪುಸ್ತಕದಿಂದ ಇನ್ನೂ ದೂರ ಹೋಯಿತು. ತಪ್ಪೇ ವಾಸಿ ಇತ್ತಲ್ಲ?

---

ಲಾಗ್‌ಟೇಬಲ್

ಅದಕ್ಕೇ ಹೇಳಿದ್ದು, ಸರಾಸರಿ ಅಂತ. ಈಗ 1.66 ಮತ್ತು 2.14ರ ಸರಾಸರಿ 1.9. ಮೊದಲಿಗಿಂತ ಕೆಟ್ಟಿಲ್ಲ :)

---

ಹಳೇಬ್ಯುರೆಟ್

ನೋಡಿ, ಈ ಪ್ರಯೋಗದಲ್ಲಿ ನಿಜವಾಗಿ ಕಲಿಯುವ ವಿಷಯ ಈಗ ಬಂತು. ಇಷ್ಟು ಹೊತ್ತು ಮಾಡಿದ್ದು ಮನೆ ಗುಡಿಸಿದ ಹಾಗೆ.

ಮೊದಲು ಎಲೆಕ್ಟ್ರೋಡ್. ಡಿಸ್ಟಿಲ್ಡ್ ವಾಟರಿನಲ್ಲಿ ಇಡುವುದು ತುಂಬಾ ಕಡೆ ಇರುವ ಕೆಟ್ಟ ಚಾಳಿ. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಹೊರಗೆ ಸೋರಿಹೋಗುತ್ತದೆ, ಎಲೆಕ್ಟ್ರೋಡ್ ಮಂಕಾಗುತ್ತದೆ, ಅಂಕಿ ನಿಲ್ಲಲು ಹೊತ್ತು ಹಿಡಿಯುತ್ತದೆ. ಅದನ್ನು 3 ಎಂ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಡಬೇಕು. ನಿಮ್ಮ ಮೊದಲ ರೀಡಿಂಗ್ ಮಾತ್ರ ಕೆಟ್ಟು ಉಳಿದವು ಚೆನ್ನಾಗಿರುವುದಕ್ಕೆ ಕಾರಣವೂ ಇದೇ: ಬ್ಯುರೆಟ್ ಬಿಡುತ್ತಾ ಕಲಕುತ್ತಾ ಹೋಗುವಷ್ಟರಲ್ಲಿ ಅದು ಎಚ್ಚೆತ್ತುಕೊಂಡಿತ್ತು.

ಈಗ 2.14. ಇದು ತಪ್ಪಲ್ಲ. ಪುಸ್ತಕದ್ದೂ ತಪ್ಪಲ್ಲ. ಎರಡೂ ಬೇರೆ ಸ್ಥಿರಾಂಕಗಳು.

ಅರ್ಧ ತಟಸ್ಥವಾದಾಗ ನಿಮ್ಮ ಬೀಕರಿನಲ್ಲಿ ಏನೇನಿದೆ ನೋಡಿ. ಒಟ್ಟು 37.1 ಮಿಲಿ. ಅದರಲ್ಲಿ ಸೋಡಿಯಂ ಅಯಾನು 0.0326 ಎಂ, ಅಸಿಟೇಟ್ ಅಯಾನೂ ಅಷ್ಟೇ. ಬರೀ ಆಮ್ಲ ಇದ್ದಾಗ ಹೈಡ್ರೋಜನ್ ಅಯಾನೂ ಅಸಿಟೇಟೂ ತಲಾ 0.0013ರ ಮಟ್ಟದಲ್ಲಿದ್ದವು. ಅಂದರೆ ಈಗ ಇಪ್ಪತ್ತೈದು ಪಟ್ಟು ಗುಂಪು. ಪ್ರತಿ ಅಸಿಟೇಟ್ ಸುತ್ತ ಸೋಡಿಯಂ ಸುಳಿದಾಡುತ್ತದೆ, ಅದರ ಋಣಾವೇಶವನ್ನು ಒಂದಿಷ್ಟು ಮರೆಮಾಡುತ್ತದೆ. ಹಾಗಾಗಿ ಹೈಡ್ರೋಜನ್ ಅಯಾನಿನ ಜೊತೆ ಮತ್ತೆ ಸೇರಿಕೊಳ್ಳುವ ಆತುರ ಅಸಿಟೇಟಿಗೆ ಕಡಿಮೆಯಾಗುತ್ತದೆ. ಆಮ್ಲ ತುಸು ಹೆಚ್ಚೇ ಒಡೆಯುತ್ತದೆ. ಉಪ್ಪಿನಂಶದ ದ್ರಾವಣದಲ್ಲಿ ದುರ್ಬಲ ಆಮ್ಲ ತುಸು ಬಲವಾಗಿ ಕಾಣುವುದು ಇದಕ್ಕೇ. 1923ರಲ್ಲಿ ಡಿಬೈ ಮತ್ತು ಹ್ಯುಕೆಲ್ ಲೆಕ್ಕಕ್ಕೆ ಇಳಿಸಿದ್ದು ಈ ಗುಂಪುಗಾರಿಕೆಯನ್ನೇ.

ಪುಸ್ತಕದ 1.75 ಅನ್ನುವುದು ಅಯಾನುಗಳ ಗದ್ದಲವೇ ಇಲ್ಲದ, ಅನಂತವಾಗಿ ತೆಳುವಾದ ದ್ರಾವಣಕ್ಕೆ ಎಳೆದ ಸಂಖ್ಯೆ. ನಿಮ್ಮ 2.14 ಆ ಬೀಕರಿನ, ಆ ಗದ್ದಲದ ಸಂಖ್ಯೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಸೇತುವೆ ಉಂಟು, ಡೇವಿಸ್ ಸಮೀಕರಣ ಅಂತ:

ಲಾಗ್ ಗಾಮಾ = −0.51 × [√ಐ ÷ (1 + √ಐ) − 0.3 × ಐ]

ಇಲ್ಲಿ ಗಾಮಾ ಅಂದರೆ ಗದ್ದಲದ ನಡುವೆ ಅಯಾನಿನ ಪ್ರಭಾವ ಎಷ್ಟು ಪಾಲು ಉಳಿಯುತ್ತದೆ ಅನ್ನುವ ಗುಣಕ; ಐ ಅಂದರೆ ಅಯಾನಿಕ್ ಸ್ಟ್ರೆಂತ್, ಆ ಗದ್ದಲದ ಅಳತೆ. ನಿಮ್ಮಲ್ಲಿ ಒಂದು ಆವೇಶದ ಅಯಾನುಗಳಷ್ಟೇ ಇರುವುದರಿಂದ ಅದು ಸೀದಾ 0.0326. ವರ್ಗಮೂಲ 0.18. 0.18 ÷ 1.18 = 0.153. ಅದರಲ್ಲಿ 0.01 ಕಳೆದರೆ 0.143. 0.51ರಿಂದ ಗುಣಿಸಿದರೆ 0.073. ಇದನ್ನು ನಿಮ್ಮ 4.67ಕ್ಕೆ ಸೇರಿಸಿ: 4.74. ಕೆಎ 1.8 × 10⁻⁵.

ನಿಮ್ಮ ಮೊದಲ 2.0 ಪುಸ್ತಕಕ್ಕೆ ಹತ್ತಿರ ಇದ್ದುದು, ಒಂದು ಕಡೆ 12.5ರ ತಪ್ಪು ಕೆಳಕ್ಕೆ ಎಳೆದು, ಇನ್ನೊಂದು ಕಡೆ ಗಾಮಾ ಮೇಲಕ್ಕೆ ಎಳೆದು, ಇಬ್ಬರೂ ಅರ್ಧದಾರಿಯಲ್ಲಿ ರಾಜಿ ಮಾಡಿಕೊಂಡದ್ದರಿಂದ. ಒಂದನ್ನು ತಿದ್ದಿದಿರಿ, ಇನ್ನೊಂದು ಬೆತ್ತಲಾಯಿತು.

ಹಾಗಾದರೆ ಮೊದಲನೇ ವಿಧಾನಕ್ಕೆ ಯಾಕೆ ಗಾಮಾ ಹಾಕಲಿಲ್ಲ ಅಂತ ಕೇಳಿಯೇ ಕೇಳುತ್ತೀರಿ. ಅಲ್ಲೊಂದು ಚಂದದ ಕಾಕತಾಳೀಯ ಇದೆ. ಮೀಟರ್ ತೋರಿಸುವುದು ಹೈಡ್ರೋಜನ್ ಅಯಾನಿನ ಸಾರತೆಯನ್ನಲ್ಲ, ಅದರ ಆಕ್ಟಿವಿಟಿಯನ್ನು, ಅಂದರೆ ಸಾರತೆ × ಗಾಮಾ. ಬರೀ ಆಮ್ಲದಲ್ಲಿ ಹೈಡ್ರೋಜನ್ ಅಯಾನು ಎಷ್ಟಿದೆಯೋ ಅಸಿಟೇಟೂ ಅಷ್ಟೇ ಇದೆ, ಎರಡರ ಗಾಮಾ ಕೂಡ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅಸಿಟೇಟಿನ ಆಕ್ಟಿವಿಟಿಯೂ ಮೀಟರ್ ತೋರಿಸಿದ್ದಷ್ಟೇ. ಮೇಲಿನ ಎಕ್ಸ್² ತಾನಾಗಿಯೇ ತಿದ್ದಿಕೊಂಡು ಬಂದಿರುತ್ತದೆ. ಅದಕ್ಕೆ ಗಾಮಾ ಬೇಕಿಲ್ಲ, ಆದರೆ ಮೀಟರಿನ ತಪ್ಪು ಇಮ್ಮಡಿಯಾಗುತ್ತದೆ. ಅರ್ಧ ತಟಸ್ಥದಲ್ಲಿ ಮೀಟರಿನ ತಪ್ಪು ಒಂದೇ ಪಟ್ಟು, ಆದರೆ ಗಾಮಾ ಬೇಕು. ನೀವು ಸರಾಸರಿ ಮಾಡಲು ಹೊರಟಿದ್ದುದು ಇಂಥ ಎರಡನ್ನು.

---

ಗ್ರಾಫ್‌ಶೀಟ್

ಹಳೇಬ್ಯುರೆಟ್ ಅವರ ಮಾತಿಗೆ ಒಂದು ಬಾಲಂಗೋಚಿ. ಆರು ರೀಡಿಂಗ್ ತೆಗೆದು ಒಂದನ್ನೇ ನಂಬುವುದು ಯಾಕೆ? ಮಿಲಿ × 10^(−ಪಿಎಚ್) ಲೆಕ್ಕ ಹಾಕಿ, ಅದನ್ನು ಮಿಲಿಯ ಎದುರು ಗುರುತಿಸಿ. ದುರ್ಬಲ ಆಮ್ಲಕ್ಕೆ ಇದು ಸರಳರೇಖೆ ಆಗಬೇಕು. ರೇಖೆಯ ಇಳಿಜಾರು ಕೆಎ, ಅದು ತಳದ ಅಕ್ಷ ಮುಟ್ಟುವ ಜಾಗ ಎಂಡ್ ಪಾಯಿಂಟ್. ಗ್ರಾನ್ ಎಂಬವರು 1952ರಲ್ಲಿ ಪ್ರಕಟಿಸಿದ ಉಪಾಯ ಇದು.

ನಿಮ್ಮ ಅಂಕಿಗಳಿಂದ ನಾನೇ ಹಾಕಿ ನೋಡಿದೆ:

10 ಮಿಲಿ: 3.02 × 10⁻⁴
12.5 ಮಿಲಿ: 2.49 × 10⁻⁴
15 ಮಿಲಿ: 1.98 × 10⁻⁴
20 ಮಿಲಿ: 0.91 × 10⁻⁴

ಸ್ಕೇಲ್ ಇಟ್ಟ ಹಾಗೆ ಕೂರುತ್ತವೆ. ಇಳಿಜಾರು 2.1 × 10⁻⁵, ಅಕ್ಷ ಮುಟ್ಟುವುದು 24.4 ಮಿಲಿಯಲ್ಲಿ. ಎಂಡ್ ಪಾಯಿಂಟ್ ಹತ್ತಿರಕ್ಕೂ ಹೋಗದ ನಾಲ್ಕು ಬಿಂದುಗಳು ನಿಮ್ಮ 24.2ನ್ನು ಹೆಚ್ಚುಕಡಿಮೆ ಹೇಳಿಬಿಟ್ಟವು. 2.1ಕ್ಕೆ ಅದೇ 0.07 ತಿದ್ದುಪಡಿ ಹಾಕಿದರೆ ಮತ್ತೆ 1.8.

5 ಮಿಲಿಯ ಬಿಂದು (3.97 × 10⁻⁴) ಮಾತ್ರ ರೇಖೆಯಿಂದ ತುಸು ಕೆಳಗೆ ಬೀಳುತ್ತದೆ. ಅದನ್ನು ಅಳಿಸಬೇಡಿ. ಅಲ್ಲಿ ಉಪ್ಪು ಕಡಿಮೆ, ಹಾಗಾಗಿ ಗಾಮಾ ಬೇರೆ. ಮೇಲೆ ಹೇಳಿದ ಗದ್ದಲ ಗ್ರಾಫಿನಲ್ಲಿ ಕಣ್ಣಿಗೇ ಕಾಣುತ್ತಿದೆ.

---

ಲಾಗ್‌ಟೇಬಲ್

ಸರಿ, ಸೋತೆ. ಒಂದು ಅನುಮಾನ, ನಿಜವಾಗಿ ಕೇಳುತ್ತಿದ್ದೇನೆ. ಆಮ್ಲದ ಸಾರತೆ ಸಿ ಅಂದುಕೊಳ್ಳಿ. ಛೇದದಲ್ಲಿ ಸಿ − ಎಕ್ಸ್ ಬದಲು ಬರೀ ಸಿ ಹಾಕಿದರೆ ಏನಾಗುತ್ತೆ? ನಮಗೆ ಎಕ್ಸ್ ಬಿಟ್ಟುಬಿಡಿ ಅಂತಲೇ ಕಲಿಸಿದ್ದು.

---

ಹಳೇಬ್ಯುರೆಟ್

ಅಸಿಟಿಕ್ ಆಮ್ಲಕ್ಕೆ ಬಿಟ್ಟರೂ ನಡೆಯುತ್ತದೆ. 0.0968ರಲ್ಲಿ ಒಡೆದಿರುವುದು ಶೇಕಡಾ 1.3 ಮಾತ್ರ. ಕ್ಲೋರೋಅಸಿಟಿಕ್ ಆಮ್ಲಕ್ಕೆ ಬಿಟ್ಟು ನೋಡಿ. ಅದರ 0.1 ಎಂ ದ್ರಾವಣದ ಪಿಎಚ್ 1.95, ಎಕ್ಸ್ 0.0112. ಎಕ್ಸ್ ಬಿಟ್ಟರೆ ಕೆಎ 1.26 × 10⁻³, ಇಟ್ಟುಕೊಂಡರೆ 1.42 × 10⁻³. ಶೇಕಡಾ 11 ಹೋಯಿತು. ಅದೂ ಅಲ್ಲದೆ, ಕೊಟ್ಟ ಕೆಎಯಿಂದ ಪಿಎಚ್ ಕಂಡುಹಿಡಿಯುವಾಗ ಎಕ್ಸ್ ಬಿಟ್ಟರೆ ವರ್ಗಸಮೀಕರಣ ತಪ್ಪುತ್ತದೆ, ಅದಾದರೂ ಲಾಭ. ಇಲ್ಲಿ ಪಿಎಚ್‌ನಿಂದ ಕೆಎಗೆ ಬರುತ್ತಿದ್ದೇವೆ, ಎಕ್ಸ್ ಕೈಯಲ್ಲೇ ಇದೆ. ಒಂದು ವ್ಯವಕಲನ ಉಳಿಸಲು ಬಿಡುವುದು ಯಾಕೆ?

ಹುಡುಗಿಗೆ ಇನ್ನೊಂದು ಮಾತು. ನಿಮ್ಮ ಲ್ಯಾಬಿನಲ್ಲಿ ಕಂಡಕ್ಟಿವಿಟಿ ಮೀಟರ್ (ದ್ರಾವಣದ ವಿದ್ಯುತ್ ವಾಹಕತೆ ಅಳೆಯುವುದು) ಇದ್ದರೆ ಪಿಎಚ್ ಎಲೆಕ್ಟ್ರೋಡಿನ ಮುಖವನ್ನೇ ನೋಡದೆ ಕೆಎ ತೆಗೆಯಬಹುದು. ಪಿಎಚ್ ಅನ್ನುವ ಪದವನ್ನು ಸೋರೆನ್ಸೆನ್ ಕೊಟ್ಟಿದ್ದು 1909ರಲ್ಲಿ. ಓಸ್ಟ್‌ವಾಲ್ಡ್ ಅದಕ್ಕೂ ಮುಂಚೆ, 1888ರಲ್ಲೇ, ವಾಹಕತೆಯಿಂದ ದುರ್ಬಲ ಆಮ್ಲಗಳ ಸ್ಥಿರಾಂಕ ತೆಗೆಯುವ ನಿಯಮ ಕೊಟ್ಟಿದ್ದರು. ಹೈಡ್ರೋಜನ್ ಅಯಾನಿನ ಮಿತಿ ಮೋಲಾರ್ ವಾಹಕತೆ (ತೀರಾ ತೆಳುವಾದ ದ್ರಾವಣದಲ್ಲಿ ಒಂದು ಮೋಲ್‌ಗೆ ಸಿಗುವ ವಾಹಕತೆ) 349.8, ಅಸಿಟೇಟಿನದು 40.9, ಒಟ್ಟು 390.7. ಎಲ್ಲವೂ ಒಡೆದಿದ್ದರೆ ಅಷ್ಟು ಬರಬೇಕಿತ್ತು. 0.00103 ಎಂ ದ್ರಾವಣದಲ್ಲಿ ಬರುವುದು ಸುಮಾರು 48.1. ಭಾಗಿಸಿದರೆ 0.123, ಅಂದರೆ ನೂರರಲ್ಲಿ ಹನ್ನೆರಡು ಅಣು ಒಡೆದಿವೆ. ಸಿ × 0.123² ÷ (1 − 0.123), ಅಲ್ಲಿಗೆ 1.78 × 10⁻⁵. ಅಲ್ಲೂ ಅಯಾನುಗಳ ಗದ್ದಲ ತಿದ್ದಿದ ಮೇಲೆಯೇ 1.75 ಸಿಗುವುದು. ನಿಮ್ಮ ಎರಡನೇ ಪುಸ್ತಕದ 1.8 ಅದರದ್ದೇ ಮೊಂಡು ರೂಪ, ಬೇರೆ ಏನಲ್ಲ.

---

ಮೂರನೇಬೆಂಚು

ರೆಕಾರ್ಡಿನಲ್ಲಿ ಹೀಗೆ ಬರೆದಿದ್ದೇನೆ, ಒಮ್ಮೆ ನೋಡಿ:

"ಆಮ್ಲದ ಸಾರತೆ (ಟೈಟ್ರೇಷನ್‌ನಿಂದ) 0.0968 ಎಂ. ಆರಂಭಿಕ ಪಿಎಚ್ 2.90ರಿಂದ ಕೆಎ 1.66 × 10⁻⁵. ಅರ್ಧ ತಟಸ್ಥ ಬಿಂದುವಿನಿಂದ, ಅಯಾನಿಕ್ ಸ್ಟ್ರೆಂತ್ 0.033ರಲ್ಲಿ, ಕೆಎ 2.14 × 10⁻⁵. ಡೇವಿಸ್ ತಿದ್ದುಪಡಿಯ ನಂತರ 1.8 × 10⁻⁵. ಮೊದಲ ದಿನದ 2.95 ರೀಡಿಂಗ್ ಎಲೆಕ್ಟ್ರೋಡ್ ನೆಲೆಗೊಳ್ಳುವ ಮೊದಲು ತೆಗೆದದ್ದು."

2.95ನ್ನು ವೈಟ್ನರ್ ಹಾಕಿ ಅಳಿಸಬೇಕು ಅಂತಿದ್ದೆ. ಬಿಟ್ಟಿದ್ದೇನೆ. ಸರಿ ತಾನೇ ಮೇಡಂ?

---

ಹಳೇಬ್ಯುರೆಟ್

ಸರಿ ಇದೆ. ಒಂದೇ ಒಂದು: 1.66ರ ಕೊನೆಯ 6 ತೆಗೆದು 1.7 ಅಂತ ಮಾಡಿ. ನಿಮ್ಮ ಮೀಟರ್ 0.01ರಷ್ಟು ಅಲ್ಲಾಡಿದರೂ ಕೆಎ ಶೇಕಡಾ 5 ಅಲ್ಲಾಡುತ್ತದೆ. ಮೂರನೇ ಅಂಕಿಗೆ ಆಧಾರ ಇಲ್ಲ. 2.14ಕ್ಕೂ ಅದೇ, 2.1 ಸಾಕು.

ಹಾಗೇ ಲ್ಯಾಬ್ ಬಿಡುವ ಮುನ್ನ ಆ ಎಲೆಕ್ಟ್ರೋಡನ್ನು ನೀರಿನಿಂದ ಎತ್ತಿ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಟ್ಟು ಬನ್ನಿ. 4ರ ಬಫರ್ ಬಾಟಲಿಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ.

---

ಮೂರನೇಬೆಂಚು

ಹಿಡಿದು ನೋಡಿದೆ ಮೇಡಂ. ಬೂಷ್ಟು ಇಲ್ಲ. ತಾರೀಕೂ ಇರಲಿಲ್ಲ, ಮಾರ್ಕರಿನಲ್ಲಿ ಇವತ್ತಿನದು ಬರೆದು ಪಕ್ಕದಲ್ಲಿ "ತೆರೆದದ್ದು ಯಾವಾಗ?" ಅಂತ ಹಾಕಿ ಬಂದೆ.